ಬಟವಾಡೆಯ ದಿನ ಪ್ರಿಂಟರ್ ‘ಆಫ್‌ಲೈನ್’ ಆದರೆ

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಲ್ಲಿ ಕುಯ್ಲು ಶುರುವಾದರೆ ಲೆಕ್ಕ ಬರೆಯುವ ರೈಟರ್ ಕೋಣೆಗೆ ಪುರುಸೊತ್ತಿರುವುದಿಲ್ಲ. ಅರೇಬಿಕಾ ಮುಗಿಯುತ್ತಿದ್ದಂತೆ ರೊಬಸ್ಟಾ. ಆಳುಗಳು ಕುಯ್ದ ಹಣ್ಣಿನ ಕೆಜಿ, ಕೊಟ್ಟ ಮುಂಗಡ, ಕ್ಯೂರಿಂಗಿಗೆ ಹೊರಟ ಲಾರಿಯ ಚೀಟಿ, ಎಲ್ಲವೂ ಕಾಗದಕ್ಕೆ ಇಳಿಯಬೇಕು. ಬಂಗಲೆ, ಆಫೀಸು, ಗೋದಾಮು ಮೂರಕ್ಕೂ ಒಂದೇ ಪ್ರಿಂಟರ್ ಸಾಕೆಂದು ಪ್ರಿಂಟ್ ಸರ್ವರ್ ಕೂರಿಸುವುದು ಜಾಣತನವೇ. ಎಲ್ಲರ ಕಡತಗಳನ್ನು ಸರದಿಯಲ್ಲಿಟ್ಟು ಪ್ರಿಂಟರಿಗೆ ದಾಟಿಸುವ ಕಂಪ್ಯೂಟರ್ ಅದು. ಆದರೆ ಕೂರಿಸಿದ ವಾರದೊಳಗೇ ಪರದೆಯ ಮೇಲೆ ‘ಆಫ್‌ಲೈನ್’ ಎಂದು ಬಂದರೆ ಬಟವಾಡೆಗೆ ಬಂದವರು ಅಂಗಳದಲ್ಲಿ ಕಾಯಬೇಕಾಗುತ್ತದೆ.

ಮಲೆನಾಡಿನಲ್ಲಿ ನಾನು ಮೊದಲು ಅನುಮಾನಿಸುವುದು ಕರೆಂಟನ್ನು. ಕರೆಂಟು ಹೋಗಿ ಬಂದಾಗ ಪ್ರಿಂಟರ್ ಬೇಗ ಎದ್ದು, ರೂಟರ್ ತಡವಾಗಿ ಎದ್ದರೆ, ವಿಳಾಸ ಕೊಡುವವರಿಲ್ಲದೆ ಪ್ರಿಂಟರ್ ತನಗೆ ತಾನೇ 169.254ರಿಂದ ಶುರುವಾಗುವ ಐಪಿ ವಿಳಾಸ ಹಾಕಿಕೊಳ್ಳುತ್ತದೆ. ಇಲ್ಲವೇ ನಿನ್ನೆ ಅದಕ್ಕಿದ್ದ ವಿಳಾಸ ಇವತ್ತು ಯಾರದೋ ಮೊಬೈಲಿಗೆ ಹೋಗಿರುತ್ತದೆ. ಸರ್ವರ್ ಮಾತ್ರ ಹಳೆಯ ವಿಳಾಸಕ್ಕೇ ಕಡತ ಕಳಿಸುತ್ತಿರುತ್ತದೆ. ಡ್ರೈವರನ್ನು ಎಷ್ಟು ಸಲ ತೆಗೆದು ಹಾಕಿದರೂ ಇದು ಸರಿಹೋಗದು. ರೂಟರಿನ ಸೆಟ್ಟಿಂಗಿನಲ್ಲಿ ಪ್ರಿಂಟರಿಗೂ ಸರ್ವರಿಗೂ ಒಂದೊಂದು ವಿಳಾಸವನ್ನು ಕಾಯ್ದಿರಿಸುವುದೇ ಮದ್ದು. ರೂಟರನ್ನು ಯುಪಿಎಸ್‌ಗೆ ಸೇರಿಸಿದರೆ ಇನ್ನೂ ಒಳ್ಳೆಯದು.

ಪ್ರಿಂಟರಿನಿಂದಲೇ ನೆಟ್‌ವರ್ಕ್ ವಿವರದ ಪುಟ ತೆಗೆದು, ಅದರಲ್ಲಿರುವ ವಿಳಾಸವನ್ನು ಸರ್ವರಿನಿಂದ ಪಿಂಗ್ ಮಾಡಿ, ಅಂದರೆ ಕೂಗಿ ಕರೆದು, ಉತ್ತರ ಬರುತ್ತದೆಯೇ ನೋಡಿ. ಉತ್ತರ ಬಾರದಿದ್ದರೆ ತೊಂದರೆ ಹೆಚ್ಚಾಗಿ ಕೇಬಲ್, ಸ್ವಿಚ್ ಅಥವಾ ವೈಫೈಯದು. ಅತಿಥಿಗಳಿಗೆಂದು ಇಟ್ಟ ವೈಫೈಗೆ ಪ್ರಿಂಟರ್ ಸೇರಿಕೊಂಡಿದ್ದರೂ ಹೀಗಾಗುತ್ತದೆ. ಹೋಮ್‌ಸ್ಟೇ ಇರುವ ತೋಟದವರು ಇದನ್ನು ನೋಡಿಕೊಳ್ಳಲೇಬೇಕು. ಉತ್ತರ ಬಂದೂ ಮುದ್ರಣವಾಗದಿದ್ದರೆ ಪೋರ್ಟ್ ತೆರೆದಿದೆಯೇ ನೋಡಿ. ಸರ್ವರಿನಿಂದ ಪ್ರಿಂಟರಿಗೆ ಸಾಮಾನ್ಯವಾಗಿ 9100 ಅಥವಾ 631, ವಿಂಡೋಸ್ ಹಂಚಿಕೆಗೆ 445. ವಿಂಡೋಸ್ ತಾನೇ ಹುಡುಕಿ ಕೂರಿಸಿದ ಡಬ್ಲ್ಯುಎಸ್‌ಡಿ ಪೋರ್ಟನ್ನು ಬಿಟ್ಟು, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟಿಗೆ ಕೈಯಾರೆ ವಿಳಾಸ ಬರೆದರೆ ಸ್ಥಿರವಾಗಿ ನಿಲ್ಲುತ್ತದೆ.

ಒಂದು ದೋಷದ ಹಿಂದೆ ಮಾತ್ರ ಬೇರೆಯೇ ಕಥೆಯಿದೆ. 2021ರಲ್ಲಿ ಮೈಕ್ರೋಸಾಫ್ಟ್ ಮುದ್ರಣದ ಭದ್ರತೆಯನ್ನು ಬಿಗಿ ಮಾಡತೊಡಗಿತು. ಆ ವರ್ಷದ ಸೆಪ್ಟೆಂಬರ್ ಅಪ್‌ಡೇಟ್ ಆದಮೇಲೆ ಹಂಚಿದ ಪ್ರಿಂಟರಿಗೆ ಸೇರಲು ಹೋದವರಿಗೆ 11ಬಿ ಎಂದು ಮುಗಿಯುವ ದೋಷಸಂಖ್ಯೆ ಕಾಣಿಸಿತು. ರಿಜಿಸ್ಟ್ರಿ ತಿದ್ದಿ ಆ ರಕ್ಷಣೆಯನ್ನೇ ಕಿತ್ತುಹಾಕುವ ಉಪಾಯ ಈಗಲೂ ಚಾಲ್ತಿಯಲ್ಲಿದೆ. ಅದು ಬೇಡ. ಸರ್ವರ್ ಮತ್ತು ಅದಕ್ಕೆ ಸೇರುವ ಕಂಪ್ಯೂಟರುಗಳು, ಎರಡನ್ನೂ ಅಪ್‌ಡೇಟ್ ಮಾಡಿ.

ನಮ್ಮ ಗುಡ್ಡಗಳಲ್ಲಿ ಇದಕ್ಕಿಂತ ದೊಡ್ಡ ಶತ್ರು ಸಿಡಿಲು. ಹೂಮಳೆಯ ಜೊತೆಗೇ ಗುಡುಗು ಬರುತ್ತದೆ. ಆಫೀಸಿನಿಂದ ಗೋದಾಮಿಗೆ ಸಿಲ್ವರ್ ಓಕ್ ಮರಗಳ ಮೇಲೆ ಎಳೆದ ತಾಮ್ರದ ಲ್ಯಾನ್ ಕೇಬಲ್ ಆ ಆಘಾತವನ್ನು ಸೀದಾ ಸ್ವಿಚ್ಚಿಗೂ ಪ್ರಿಂಟರಿಗೂ ತಲುಪಿಸುತ್ತದೆ. ಕೆಲವೊಮ್ಮೆ ಪ್ರಿಂಟರ್ ಚೆನ್ನಾಗಿಯೇ ಇದ್ದು ಅದರ ನೆಟ್‌ವರ್ಕ್ ಪೋರ್ಟ್ ಮಾತ್ರ ಸತ್ತಿರುತ್ತದೆ. ಕೇಬಲ್ ಸಿಕ್ಕಿಸಿದರೂ ಪುಟ್ಟ ದೀಪ ಹತ್ತುವುದಿಲ್ಲ. ಆಗ ಹೊಸ ಪ್ರಿಂಟರ್ ಕೊಳ್ಳಬೇಕಿಲ್ಲ, ಯುಎಸ್‌ಬಿಯಲ್ಲಿ ಸರ್ವರಿಗೆ ಜೋಡಿಸಿದರೆ ಕೆಲಸ ನಡೆದೀತು. ತಾಮ್ರದ ಲ್ಯಾನ್ ಕೇಬಲಿಗೆ 100 ಮೀಟರ್ ಮಿತಿಯೂ ಇದೆ, ತೋಟದ ಕಟ್ಟಡಗಳ ನಡುವಿನ ದೂರ ಅದನ್ನು ಸುಲಭವಾಗಿ ಮೀರುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಲೋಹದ ತಂತಿಯಿಲ್ಲದ ಫೈಬರ್ ಎಳೆಸಿದರೆ ಎರಡೂ ತಾಪತ್ರಯ ತಪ್ಪುತ್ತವೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಕುಯ್ಲು ಮುಗಿದು ಹೂಮಳೆ ಬೀಳುವ ಮುಂಚಿನ ಬಿಡುವಿನಲ್ಲೇ ಈ ಕೆಲಸ ಮಾಡಿಸಿ. ಪ್ರಿಂಟರ್, ಸರ್ವರ್, ರೂಟರ್ ಮೂರರ ವಿಳಾಸವನ್ನೂ ಚೀಟಿಯಲ್ಲಿ ಬರೆದು ರೈಟರ್ ಮೇಜಿನ ಮೇಲಿನ ಗೋಡೆಗೆ ಅಂಟಿಸಿಡಿ.