ಊರೂರು ಸುತ್ತೋಕೆ ರೆಡಿನಾ?

"ಕೆಲಸಕ್ಕೆ ಅಂತ ಊರೂರು ಓಡಾಡ್ತೀರಾ?"
ಇಂಟರ್‌ವ್ಯೂನಲ್ಲಿ ಹೀಗೆ ಕೇಳಿದ್ರೆ ಏನಂತೀರಿ?

"ಎಲ್ಲಿಗೆ ಬೇಕಾದ್ರೂ ಹೋಗ್ತೀನಿ ಸರ್!"

ತಡೀರಿ.
ಇದು ಬೋರ್ಡ್ ನೋಡದೆ ಬಸ್ ಹತ್ತಿದ ಹಾಗೆ.
ಬಸ್ ಎಲ್ಲಿಗೆ ಅಂತ
ಕಂಡಕ್ಟರ್ ಬಂದಾಗಲೇ ಗೊತ್ತಾಗೋದು.

ಮೆಡಿಕಲ್ ರೆಪ್ ಕೆಲಸವನ್ನೇ ತಗೊಳ್ಳಿ.
ನಿಮ್ಮ ಹೆಡ್‌ಕ್ವಾರ್ಟರ್ ಹುಬ್ಬಳ್ಳಿ ಅಂದ್ಕೊಳ್ಳಿ.

ಬೆಳಿಗ್ಗೆ ಗದಗಕ್ಕೆ ಹೋಗಿ,
ಡಾಕ್ಟರುಗಳನ್ನ ನೋಡಿ,
ರಾತ್ರಿ ಮನೆಗೆ ಬಂದ್ರಿ.
ಇದು ಎಕ್ಸ್ ಸ್ಟೇಷನ್.

ಕಾರವಾರಕ್ಕೆ ಹೋದ್ರೆ?
ಅವತ್ತು ಲಾಡ್ಜೇ ಗತಿ.
ಇದು ಔಟ್ ಸ್ಟೇಷನ್.
ಸಾಮಾನ್ಯವಾಗಿ ಎರಡಕ್ಕೂ ಭತ್ಯೆ ಬೇರೆ ಬೇರೆ.

ಹಾಗಾಗಿ ಮೊದಲು ನೀವೇ ಕೇಳಿ.
"ಸರ್, ತಿಂಗಳಿಗೆ ಎಷ್ಟು ನೈಟ್ ಹಾಲ್ಟ್?
ಯಾವ್ಯಾವ ಊರು?"

ಕೇಳಿದ್ರೆ ಕೆಲಸ ಕೈತಪ್ಪುತ್ತಾ?
ನನಗಂತೂ ಹಾಗನ್ನಿಸಲ್ಲ.
ಫೀಲ್ಡ್ ತಿರುಗಿದ ಮ್ಯಾನೇಜರ್‌ಗೆ
ಇದು ಕೆಲಸ ಗೊತ್ತಿರೋರ ಮಾತು.

ಆಮೇಲೆ ಉತ್ತರ ಕೊಡಿ.
"ತಿಂಗಳಿಗೆ ಏಳೆಂಟು ರಾತ್ರಿ ಹೊರಗಿರ್ತೀನಿ ಸರ್.
ಬೈಕ್ ಇದೆ, ಲೈಸೆನ್ಸೂ ಇದೆ.
ಟೂರ್ ಪ್ರೋಗ್ರಾಂ ಮೊದಲೇ ಸಿಕ್ಕಿದ್ರೆ
ಮನೇಲಿ ವ್ಯವಸ್ಥೆ ಮಾಡ್ಕೋತೀನಿ."

ಮನೇಲಿ ತೊಂದರೆ ಇದ್ರೆ ಪೂರ್ತಿ ಕಥೆ ಬೇಡ.
"ಗುರುವಾರ ಊರಲ್ಲೇ ಇರಬೇಕಾಗುತ್ತೆ ಸರ್."
ಇಷ್ಟೇ ಸಾಕು.

ಇನ್ನು ಹೆಣ್ಣುಮಕ್ಕಳಿಗೆ ಒಂದು ಪ್ರಶ್ನೆ ಬರುತ್ತೆ.
"ಮದುವೆ ಆಗಿದೆಯಲ್ಲಮ್ಮ, ಮನೇಲಿ ಕಳಿಸ್ತಾರಾ?"
ಗಂಡಸರನ್ನ ಹೀಗೆ ಯಾರೂ ಕೇಳಲ್ಲ, ಬಿಡಿ.

ಜಗಳ ಬೇಡ, ವಿವರಣೆಯೂ ಬೇಡ.
ನೇರವಾಗಿ ಕೆಲಸದ ಮಾತಿಗೆ ಬನ್ನಿ.
"ಟೂರ್ ಮಾಡ್ತೀನಿ ಸರ್.
ರೂಮ್ ಕಂಪನಿನೇ ಬುಕ್ ಮಾಡುತ್ತಾ,
ನಾನೇ ಮಾಡ್ಬೇಕಾ?"