ಉಸಿರಿಗೆ ಕಿವಿಗೊಟ್ಟ ಯಂತ್ರ

ಕಲ್ಯಾಣ, ವಿಠ್ಠಲವಾಡಿ, ಉಲ್ಲಾಸನಗರದ ನಮ್ಮ ಕನ್ನಡ ಮನೆಗಳಲ್ಲಿ ‘ವೆಂಟಿಲೇಟರ್ ಹಾಕಿದ್ದಾರೆ’ ಎಂದರೆ ಎದೆ ಧಸಕ್ಕೆನ್ನುತ್ತದೆ. ಹಾಕಿದರೆ ಮುಗಿಯಿತು ಎಂಬ ಭಯ ಕೋವಿಡ್ ಕಾಲದಲ್ಲಿ ಇನ್ನಷ್ಟು ಬೇರೂರಿತು. ಆದರೆ ಈ ಯಂತ್ರ ಬೆಳೆದು ಬಂದದ್ದೇ ಜೀವ ಉಳಿಸುವ ಹಟದಿಂದ.

1928ರಲ್ಲಿ ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ, ಪೋಲಿಯೊದಿಂದ ಉಸಿರಾಡಲಾಗದ ಬಾಲಕಿಯನ್ನು ಫಿಲಿಪ್ ಡ್ರಿಂಕರ್ ಮತ್ತು ಸಂಗಡಿಗರ ‘ಕಬ್ಬಿಣದ ಶ್ವಾಸಕೋಶ’ದಲ್ಲಿ ಮಲಗಿಸಿದರು. ತಲೆ ಮಾತ್ರ ಹೊರಗೆ. ಪೆಟ್ಟಿಗೆಯೊಳಗಿನ ಒತ್ತಡ ಇಳಿದಾಗ ಎದೆ ಹಿಗ್ಗಿ ಗಾಳಿ ಒಳಸೇರುತ್ತಿತ್ತು.

1952ರಲ್ಲಿ ಕೋಪನ್‌ಹೇಗನ್‌ಗೆ ಪೋಲಿಯೊ ಅಪ್ಪಳಿಸಿದಾಗ ಅಂಥ ಪೆಟ್ಟಿಗೆಗಳು ಸಾಲಲಿಲ್ಲ. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗಂಟಲಿನ ಕೊಳವೆಗೆ ರಬ್ಬರ್ ಚೀಲ ಜೋಡಿಸಿ ಗಾಳಿಯನ್ನು ಕೈಯಿಂದಲೇ ಒತ್ತುವ ದಾರಿ ತೋರಿದರು. ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಹಗಲಿರುಳು ಪಾಳಿಯಲ್ಲಿ ಕೂತು ಚೀಲ ಒತ್ತಿದರು. ಮೊದಲು ಹತ್ತರಲ್ಲಿ ಎಂಟಕ್ಕೂ ಹೆಚ್ಚು ರೋಗಿಗಳು ಸಾಯುತ್ತಿದ್ದರು; ಕೊನೆಗೆ ಆ ಪ್ರಮಾಣ ಕಾಲು ಭಾಗದ ಆಸುಪಾಸಿಗೆ ಇಳಿಯಿತು. ತೀವ್ರ ನಿಗಾ ಘಟಕದ ಬೇರು ಅಲ್ಲಿದೆ.

ಆ ಕೈಗಳ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಮೊದಮೊದಲು ಅದರದ್ದೇ ಹುಕುಂ: ನಿಮಿಷಕ್ಕೆ ಇಷ್ಟು ಉಸಿರು, ಉಸಿರಿಗೆ ಇಷ್ಟು ಗಾಳಿ. 1967ರಲ್ಲಿ ಡೆನ್ವರ್‌ನ ವೈದ್ಯರು, ಉಸಿರು ಬಿಟ್ಟ ಮೇಲೂ ತುಸು ಒತ್ತಡ ಉಳಿಸಿದರೆ ಶ್ವಾಸಕೋಶದ ಗಾಳಿಚೀಲಗಳು ಮುಚ್ಚಿಹೋಗದೆ ಆಮ್ಲಜನಕ ಏರುವುದನ್ನು ವರದಿ ಮಾಡಿದರು. ಅದೇ ‘ಪೀಪ್’. ಬರಬರುತ್ತ ರೋಗಿ ಉಸಿರೆಳೆಯಲು ಯತ್ನಿಸುವುದನ್ನು ಯಂತ್ರ ಗುರುತಿಸತೊಡಗಿತು. ‘ಅಸಿಸ್ಟ್ ಕಂಟ್ರೋಲ್’ನಲ್ಲಿ ರೋಗಿ ಶುರುಮಾಡಿದ ಉಸಿರನ್ನು ಅದು ಪೂರ್ತಿ ಮಾಡುತ್ತದೆ; ರೋಗಿ ಸುಮ್ಮನಿದ್ದರೆ ತಾನೇ ಕೊಡುತ್ತದೆ. ‘ಪ್ರೆಶರ್ ಸಪೋರ್ಟ್’ನಲ್ಲಿ ಉಸಿರು ರೋಗಿಯದು, ಒತ್ತಾಸೆ ಮಾತ್ರ ಯಂತ್ರದ್ದು.

ಹೆಚ್ಚು ಗಾಳಿ ತುಂಬಿದರೆ ಶ್ವಾಸಕೋಶಕ್ಕೇ ಪೆಟ್ಟು. ತೀವ್ರ ಶ್ವಾಸಕೋಶ ವೈಫಲ್ಯದಲ್ಲಿ, ಎತ್ತರಕ್ಕೆ ತಕ್ಕ ತೂಕದ ಪ್ರತಿ ಕಿಲೋಗೆ 12 ಮಿ.ಲೀ. ಬದಲು 6 ಮಿ.ಲೀ. ಕೊಟ್ಟಾಗ ಸಾವು ಸುಮಾರು 40ರಿಂದ 31 ಪ್ರತಿಶತಕ್ಕೆ ಇಳಿದದ್ದನ್ನು 2000ದಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಈ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. 2020ರಲ್ಲಿ ಕೇಂದ್ರ ಸರ್ಕಾರ ಬೇಡಿದ 30,000 ವೆಂಟಿಲೇಟರ್‌ಗಳ ತಯಾರಿಕೆಗೆ ಮೈಸೂರಿನ ಸ್ಕ್ಯಾನ್‌ರೇ ವಿನ್ಯಾಸ ಕೊಟ್ಟಿತು, ಬೆಂಗಳೂರಿನ ಬಿಇಎಲ್ ಹೆಗಲು ಕೊಟ್ಟಿತು.

ವೆಂಟಿಲೇಟರ್ ರೋಗವನ್ನು ಗುಣಪಡಿಸುವುದಿಲ್ಲ. ಗುಣವಾಗಲು ಬೇಕಾದ ಕಾಲಾವಕಾಶ ಕೊಡುತ್ತದೆ. ನಿಮ್ಮವರು ಐಸಿಯುನಲ್ಲಿದ್ದರೆ ಭಯದಲ್ಲಿ ಸುಮ್ಮನಾಗಬೇಡಿ. ‘ಯಾವ ಮೋಡ್‌ನಲ್ಲಿದ್ದಾರೆ? ತಾವಾಗಿ ಎಷ್ಟು ಉಸಿರಾಡುತ್ತಿದ್ದಾರೆ?’ ಎಂದು ವೈದ್ಯರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ.