ಮನೆ ಕಂದಾಯದ ರಸೀದಿಯಲ್ಲಿ ಮಕ್ಕಳ ಪಾಲು

ಪಂಚಾಯ್ತಿಗೆ ಮನೆ ಕಂದಾಯ ಕಟ್ಟಿದ ರಸೀದಿ ಇದೆಯಾ? ತೆಗೆದು ನೋಡಿ. ಆರೋಗ್ಯ, ಶಿಕ್ಷಣ, ಭಿಕ್ಷುಕರ ಕರದ ಸಾಲಲ್ಲೇ ಗ್ರಂಥಾಲಯ ಕರ, ಶೇ. 6. ಸಾವಿರ ರೂಪಾಯಿ ಕಂದಾಯಕ್ಕೆ ಅರವತ್ತು ರೂಪಾಯಿ.

ಶಾಲೆ ಬಿಟ್ಟ ಮೇಲೆ ಊರಿನ ಮಕ್ಕಳು ಕೂತು ಓದೋ ಜಾಗಕ್ಕೆ ಇದೂ ಒಂದು ಆಸರೆ. 2020ರಲ್ಲಿ ಮಕ್ಕಳನ್ನ ಓದಿಗೆ ಸೆಳೆಯೋ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯ್ತು. 6ರಿಂದ 18 ವರ್ಷದವರಿಗೆ ಗ್ರಾಮ ಪಂಚಾಯ್ತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಈಗ ಆ ಗ್ರಂಥಾಲಯದ ಹೆಸರು ಅರಿವು ಕೇಂದ್ರ. ಕಥೆಪುಸ್ತಕ, ಚೆಸ್, ಕೇರಂ, ಕೆಲವು ಕಡೆ ಕಂಪ್ಯೂಟರ್ ಕೂಡ.

ಆದ್ರೆ ಮಕ್ಕಳು ಸಂಜೆ ಓಡಿ ಬಂದಾಗ ಬಾಗಿಲು ತೆಗೆದಿರಬೇಕಲ್ಲ! ಬೀಗದ ಕೈ ಇರೋದು ಮೇಲ್ವಿಚಾರಕರ ಹತ್ರ. ಅವರಿಗೇ ಸಂಬಳ ತಡವಾದ್ರೆ ಕಪಾಟು ತುಂಬ ಪುಸ್ತಕ ಇದ್ದೇನು ಬಂತು?

ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ: ಗ್ರಂಥಾಲಯ ಕರ ಎಷ್ಟು ವಸೂಲಾಯ್ತು, ಯಾವುದಕ್ಕೆ ಖರ್ಚಾಯ್ತು?